ನಮ್ಮೂರಿನ ದೀಪಕ್ಕೆ ಹೊಂದದ ವಿಡಿಯೊ ಕ್ಯಾಮೆರಾ ಮಾರಿದ್ದರ ಬಗ್ಗೆ ದೂರು

ದಿನಾಂಕ: 20 ಮಾರ್ಚ್ 2023
ಕುಂದಾಪುರ ತಾಲ್ಲೂಕು, ಉಡುಪಿ ಜಿಲ್ಲೆ

ಇವರಿಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: 14 ಡಿಸೆಂಬರ್ 2022ರಂದು ಖರೀದಿಸಿದ ಹೈ ಡೆಫಿನಿಷನ್ ವಿಡಿಯೊ ಕ್ಯಾಮೆರಾ ಭಾರತದ ವಿದ್ಯುತ್ ಬೆಳಕಿಗೆ ಹೊಂದದಿರುವುದು, ಬದಲಿ ಕ್ಯಾಮೆರಾ ಅಥವಾ ಪೂರ್ತಿ ಹಣ ಹಿಂದಿರುಗಿಸುವಂತೆ ಕೋರಿಕೆ.

ಮಾನ್ಯರೇ,

ನಿಮ್ಮ ಸಹಾಯವಾಣಿಗೆ ಆರು ಸಲ ಕರೆ ಮಾಡಿದ್ದೇನೆ. ತೊಂಬತ್ತು ಕಿಲೋಮೀಟರು ಬಸ್ಸಿನಲ್ಲಿ ಹೋಗಿ ಮಂಗಳೂರಿನ ನಿಮ್ಮ ಸೇವಾ ಕೇಂದ್ರದ ಮೆಟ್ಟಿಲನ್ನು ಎರಡು ಸಲ ಹತ್ತಿ ಇಳಿದಿದ್ದೇನೆ. ಎರಡೂ ಕಡೆ ಮೊದಲು ಸಿಕ್ಕ ಉತ್ತರ ಒಂದೇ: "ಕ್ಯಾಮೆರಾ ಸರಿಯಾಗಿದೆ, ನಿಮ್ಮಲ್ಲಿಯ ಬೆಳಕು ಸರಿಯಿಲ್ಲ." ಬೆಳಕು ಸರಿಯಾಗಿಯೇ ಇತ್ತು. ಕ್ಯಾಮೆರಾ ನಮ್ಮ ದೇಶಕ್ಕಾಗಿ ತಯಾರಾದದ್ದಲ್ಲ ಎಂಬುದಕ್ಕೆ ಈಗ ನನ್ನ ಬಳಿ ಪುರಾವೆ ಇದೆ. ಅದು ಸಿಕ್ಕಿದ್ದು ನಿಮ್ಮದೇ ಪೆಟ್ಟಿಗೆಯ ಮೇಲೆ, ನಿಮ್ಮದೇ ಸ್ಟಿಕ್ಕರಿನ ಅಡಿಯಲ್ಲಿ.

ಈ ಕ್ಯಾಮೆರಾವನ್ನು ಏಕೆ ಕೊಂಡೆ ಎಂಬುದನ್ನು ಮೊದಲು ಹೇಳಬೇಕು. ನನ್ನ ಅಪ್ಪಯ್ಯನಿಗೆ 76 ವರ್ಷ. ಬೇಸಾಯಗಾರರು, ಹದಿನೆಂಟನೆಯ ವಯಸ್ಸಿನಿಂದ ಊರಿನ ಹವ್ಯಾಸಿ ಯಕ್ಷಗಾನ ಸಂಘದಲ್ಲಿ ಬಡಗುತಿಟ್ಟು ಶೈಲಿಯ ವೇಷ ಮಾಡುತ್ತ ಬಂದವರು. ಕಳೆದ ನವೆಂಬರಿನಲ್ಲಿ ಹೃದಯದ ತಪಾಸಣೆ ಮಾಡಿದ ವೈದ್ಯರು ಇನ್ನು ಗೆಜ್ಜೆ ಕಟ್ಟುವುದು ಬೇಡ ಎಂದರು. ಅಪ್ಪಯ್ಯ ಕಾಡಿ ಬೇಡಿ ಒಂದೇ ಒಂದು ಆಟಕ್ಕೆ ಅವರನ್ನು ಒಪ್ಪಿಸಿದರು. ಕುಣಿತ ಕಡಿಮೆ ಮಾಡಿ ಅರ್ಥ ಹೇಳುವುದಕ್ಕೇ ಒತ್ತು ಕೊಡುವುದೆಂಬ ಕರಾರಿನ ಮೇಲೆ, ಕರ್ಣನ ವೇಷ. ಅದೇ ಕೊನೆಯ ವೇಷ ಎಂಬುದು ಮನೆಮಂದಿಗೆಲ್ಲ ಗೊತ್ತಿತ್ತು. ಅವರ ಇಷ್ಟು ವರ್ಷಗಳ ಆಟದ ಒಂದು ತುಣುಕೂ ನಮ್ಮಲ್ಲಿ ವಿಡಿಯೊ ರೂಪದಲ್ಲಿ ಇರಲಿಲ್ಲ.

ಮೊಬೈಲಿನಲ್ಲಿ ತೆಗೆದರೆ ಸಾಲದೇ ಎಂದು ತಮ್ಮ ಕೇಳಿದ. ಸಾಲದು. ರಂಗಸ್ಥಳದಿಂದ ನಲವತ್ತು ಅಡಿ ದೂರ ಕುಳಿತು ವೇಷಧಾರಿಯ ಕಣ್ಣಿನ ಚಲನೆ ಹಿಡಿಯಬೇಕಾದರೆ ಲೆನ್ಸಿನಿಂದಲೇ ಬರುವ ಝೂಮ್ ಬೇಕು. ಎಂಟು ಗಂಟೆ ಓಡುವಾಗ ಯಂತ್ರ ಕಾದು ನಿಲ್ಲಬಾರದು. ಭಾಗವತರ ಮೈಕಿನ ಧ್ವನಿಯನ್ನು ತಂತಿಯ ಮೂಲಕ ನೇರವಾಗಿ ಪಡೆಯಲು ಕಿಂಡಿ ಬೇಕು. ನಮ್ಮೂರಿನ ಸ್ಟುಡಿಯೊದವರಲ್ಲಿ ಒಳ್ಳೆಯ ಸ್ಟಿಲ್ ಕ್ಯಾಮೆರಾ ಇದೆ, ಆದರೆ ಅದು 29 ನಿಮಿಷ 59 ಸೆಕೆಂಡಿಗೆ ತಾನಾಗಿಯೇ ನಿಂತುಬಿಡುತ್ತದೆ. ಅರ್ಧ ಗಂಟೆ ಚಿತ್ರಿಸಬಲ್ಲ ಯಂತ್ರಕ್ಕೆ ಯುರೋಪಿನಲ್ಲಿ ವಿಡಿಯೊ ಕ್ಯಾಮೆರಾ ಎಂದು ಹೆಚ್ಚಿನ ಸುಂಕ ಬೀಳುತ್ತಿದ್ದ ಕಾಲದಲ್ಲಿ ತಯಾರಕರು ಹಾಕಿಕೊಂಡ ಮಿತಿ ಅದು. ಪದ್ಯದ ನಡುವೆ ಯಂತ್ರ ನಿಂತರೆ ಆ ಪದ್ಯ ಮತ್ತೆ ಬರುವುದಿಲ್ಲ. ಹಾಗಾಗಿ ವಿಡಿಯೊ ಚಿತ್ರೀಕರಣಕ್ಕೆಂದೇ ಮಾಡಿದ ಕ್ಯಾಮೆರಾ ಕೊಳ್ಳಲು ನಿರ್ಧರಿಸಿದೆ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ನೋಡಿ ವಿಚಾರಿಸಿಯೇ ಕೊಂಡಿದ್ದೇನೆ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 350 ಪಟ್ಟು ಝೂಮ್ ಎಂದಿತ್ತು. ಅದು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವ ಡಿಜಿಟಲ್ ಝೂಮ್ ಎಂದು ಗೊತ್ತಿದ್ದುದರಿಂದ ಅದನ್ನು ಬದಿಗಿಟ್ಟು, ಲೆನ್ಸಿನ ನಿಜವಾದ 30 ಪಟ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿದೆ. 1920 × 1080 ಚಿತ್ರ, ಸೆಕೆಂಡಿಗೆ 24 ಮೆಗಾಬಿಟ್ ದಾಖಲಾತಿ, ಮೈಕ್ ಕಿಂಡಿ, ಚಾರ್ಜರ್ ಸಿಕ್ಕಿಸಿಕೊಂಡೇ ಚಿತ್ರೀಕರಿಸುವ ಸೌಲಭ್ಯ ಎಲ್ಲವೂ ಇದ್ದವು. ಕೊನೆಯದಾಗಿ, ಇದು ಭಾರತದ ಮಾದರಿಯೇ ಎಂದು ಕೇಳಿದೆ. ಅಂಗಡಿಯವರು ನನ್ನ ಎದುರಿನಲ್ಲೇ ನಿಮ್ಮ ಸಹಾಯವಾಣಿಗೆ ಕರೆ ಮಾಡಿ ಕ್ರಮಸಂಖ್ಯೆ ಓದಿ ಹೇಳಿದರು. ಹೌದು ಎಂಬ ಉತ್ತರ ಬಂದ ಮೇಲೆಯೇ 42,500 ರೂಪಾಯಿ ಕೊಟ್ಟು ಜಿಎಸ್‌ಟಿ ಸಹಿತ ರಸೀದಿ ಪಡೆದೆ. ಖಾತರಿ ಪತ್ರದ ಮೇಲೆ ನಿಮ್ಮ ಮೊಹರು ಇದೆ.

ಮನೆಗೆ ತಂದ ಮೇಲೆ ಪರೀಕ್ಷೆಯನ್ನೂ ಮಾಡಿದೆ. ಅಂಗಳದ ಅಡಿಕೆ ಒಣಹಾಕಿದ್ದನ್ನು, ಬಾವಿಕಟ್ಟೆಯನ್ನು, ದನ ಕರುಗಳನ್ನು ತೆಗೆದೆ. ಚಿತ್ರ ಬಹಳ ಚೆನ್ನಾಗಿ ಬಂತು. ಬಿಸಿಲು ಮಿಣುಕುವುದಿಲ್ಲವಲ್ಲ, ದೋಷ ತೋರಲಿಲ್ಲ.

ಫೆಬ್ರುವರಿ 11ರ ಶನಿವಾರ ರಾತ್ರಿ ಒಂಬತ್ತೂವರೆಗೆ ನಮ್ಮ ಮನೆಯ ಮುಂದಿನ ಕೊಯ್ಲಾದ ಗದ್ದೆಯಲ್ಲಿ ಆಟ ಶುರುವಾಯಿತು. ರಂಗಸ್ಥಳದ ನಾಲ್ಕು ಕಂಬಗಳಿಗೆ ಟ್ಯೂಬ್‌ಲೈಟುಗಳನ್ನು ನೆಟ್ಟಗೆ ಕಟ್ಟಿದ್ದರು, ಹಳೆಯ ಚೋಕು ಮತ್ತು ಸ್ಟಾರ್ಟರಿನವು. ನಮ್ಮ ಕಡೆ ಊರಿನ ಆಟ ಎಂದರೆ ಇಂದಿಗೂ ಇದೇ ಬೆಳಕು. ನಾನು ಮುಕ್ಕಾಲಿಯ ಹಿಂದೆ ಬೆಳಗಿನ ಐದೂವರೆಯವರೆಗೆ ಕುಳಿತೆ. ಕೈಯಗಲದ ಪರದೆಯಲ್ಲಿ ಸಣ್ಣ ನಡುಕ ಕಂಡಿತು; ಪರದೆಯದ್ದೇ ಇರಬೇಕು ಎಂದುಕೊಂಡೆ. ಎರಡು ಗಂಟೆ ನಲವತ್ತು ನಿಮಿಷಕ್ಕೆ ಅಪ್ಪಯ್ಯನ ಕರ್ಣ ಬಂದ. ಮರುದಿನ ಮಧ್ಯಾಹ್ನ ಎಲ್ಲರೂ ಟಿವಿ ಮುಂದೆ ಕುಳಿತೆವು.

ಪರದೆಯ ಮೇಲಿನಿಂದ ಕೆಳಕ್ಕೆ ಕಪ್ಪು ಅಡ್ಡಪಟ್ಟೆಗಳು ನಿಧಾನವಾಗಿ ಇಳಿಯುತ್ತಿದ್ದವು, ಅವುಗಳ ನಡುವೆ ಇಡೀ ಚಿತ್ರ ಪಟಪಟನೆ ಮಿಣುಕುತ್ತಿತ್ತು. ಮುಂಡಾಸಿನ ಜರಿ ಒಮ್ಮೆ ಉರಿದಂತೆ, ಮರುಕ್ಷಣ ಆರಿದಂತೆ. ಬಣ್ಣ ಹಚ್ಚಿದ ಮುಖದ ಮೇಲೆ ಪಟ್ಟೆ ಹಾಯ್ದಾಗಲೆಲ್ಲ ಕಣ್ಣುಗಳು ಕಾಣದಾಗುತ್ತಿದ್ದವು. ಎರಡು ವರ್ಷದ ಹಿಂದೆ ಪೊರೆ ತೆಗೆಸಿಕೊಂಡ ಅಪ್ಪಯ್ಯ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು, ಹಾಕಿಕೊಂಡು ನೋಡಿದರು, ಮತ್ತೆ ತೆಗೆದು ಒರೆಸಿದರು. "ನನ್ನ ಕಣ್ಣು ಮತ್ತೆ ಹೋಯಿತೋ ಏನೋ" ಎಂದರು. ನಿಮ್ಮ ಯಂತ್ರದ ದೋಷವನ್ನು ಅವರು ತಮ್ಮ ಕಣ್ಣಿನ ಮೇಲೆ ಹಾಕಿಕೊಂಡರು. ಆ ಮಾತನ್ನು ನಾನು ಇನ್ನೂ ಮರೆತಿಲ್ಲ. ಹತ್ತು ನಿಮಿಷ ನೋಡಿ, ತಲೆನೋವು ಎಂದು ಎದ್ದು ಹೋದರು.

ಇನ್ನೂ ಒಂದು ತೊಂದರೆ. ನಿಮ್ಮ ಕ್ಯಾಮೆರಾ ದಾಖಲಾತಿಯನ್ನು ಎರಡೆರಡು ಗಿಗಾಬೈಟಿನ ತುಂಡುಗಳಾಗಿ ಇಡುತ್ತದೆ. ಸೆಕೆಂಡಿಗೆ 24 ಮೆಗಾಬಿಟ್ ಎಂದರೆ 3 ಮೆಗಾಬೈಟ್; ಆ ಲೆಕ್ಕದಲ್ಲಿ ಹನ್ನೊಂದು ನಿಮಿಷಕ್ಕೊಂದು ತುಂಡು. ಬರಿದೇ ನಕಲು ಮಾಡಿ ಜೋಡಿಸಿದರೆ ಪ್ರತಿ ಜೋಡಣೆಯಲ್ಲೂ ಚೆಂಡೆಯ ಪೆಟ್ಟು ಜಿಗಿಯುತ್ತದೆ, ತಾಳ ತಪ್ಪುತ್ತದೆ. ಹೊಲಿಗೆ ಕಾಣದಂತೆ ಜೋಡಿಸುವ ತಂತ್ರಾಂಶವನ್ನು ನಿಮ್ಮ ಜಾಲತಾಣದಿಂದ ಇಳಿಸಿಕೊಳ್ಳಬೇಕು ಎಂದು ಕೈಪಿಡಿಯಲ್ಲಿದೆ. ಕ್ರಮಸಂಖ್ಯೆ ಹಾಕಿದೆ. "ಈ ಉತ್ಪನ್ನ ನಿಮ್ಮ ಪ್ರದೇಶದ್ದಲ್ಲ" ಎಂಬ ಒಕ್ಕಣೆ ಬಂತು. ಸಂಶಯ ಹುಟ್ಟಿದ್ದು ಆಗ.

ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದೆ. ಆಮದು ಮಾಡಿದವರ ಹೆಸರು, ಗರಿಷ್ಠ ಮಾರಾಟ ಬೆಲೆ, ಆಮದಿನ ತಿಂಗಳು, ಗ್ರಾಹಕ ಸೇವೆಯ ದೂರವಾಣಿ ಇರುವ ನಿಮ್ಮ ಬಿಳಿ ಸ್ಟಿಕ್ಕರ್ ಅಡ್ಡಬದಿಯಲ್ಲಿತ್ತು. ಅದರ ಒಂದು ಮೂಲೆ ಎದ್ದಿತ್ತು. ಮಗಳು ಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆ ಒತ್ತಿಟ್ಟು ನಿಧಾನವಾಗಿ ಬಿಡಿಸಿದಳು. ಕೆಳಗೆ ತಯಾರಕರೇ ಅಚ್ಚು ಹಾಕಿದ್ದ ಸಾಲು ಇತ್ತು: ಎನ್‌ಟಿಎಸ್‌ಸಿ, 60 ಹರ್ಟ್ಸ್. ಅದು ಅಮೆರಿಕದಂಥ ದೇಶಗಳ ಟಿವಿ ಪದ್ಧತಿ, ನಮ್ಮದಲ್ಲ. ಸ್ಟಿಕ್ಕರ್ ಹಚ್ಚಲು ಪೆಟ್ಟಿಗೆಯಲ್ಲಿ ಬೇರೆ ಖಾಲಿ ಜಾಗ ಬೇಕಾದಷ್ಟಿದೆ. ಆ ಸಾಲಿನ ಮೇಲೆಯೇ ಅದು ಏಕೆ ಕುಳಿತಿತು ಎಂಬುದಕ್ಕೆ ನನಗೆ ಲಿಖಿತ ಉತ್ತರ ಬೇಕು.

ನಿಮ್ಮ ಸೇವಾ ಕೇಂದ್ರದವರು ಒಪ್ಪದ ವಿಷಯವನ್ನು ವಿವರಿಸುತ್ತೇನೆ. ಹತ್ತನೆಯ ತರಗತಿಯ ಮಕ್ಕಳಿಗೂ ಇದು ಅರ್ಥವಾಗುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು, ಅಂದರೆ 50 ಹರ್ಟ್ಸ್. ಪ್ರತಿ ಆವರ್ತದಲ್ಲಿ ಪ್ರವಾಹ ಎರಡು ಸಲ ಏರಿ ಇಳಿಯುವುದರಿಂದ ಹಳೆಯ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಪ್ರಖರವಾಗುತ್ತದೆ. ನಿಮ್ಮ ಕ್ಯಾಮೆರಾ ಸೆಕೆಂಡಿಗೆ 60 ಸಲ ಚಿತ್ರ ಹಿಡಿಯುತ್ತದೆ, ರಾತ್ರಿಯಲ್ಲಿ ಶಟರನ್ನು (ಒಂದು ಚಿತ್ರಕ್ಕೆ ಬೆಳಕು ಒಳಬಿಡುವ ಹೊತ್ತನ್ನು) ತಾನೇ 1/60 ಸೆಕೆಂಡಿಗೆ ಇಟ್ಟುಕೊಳ್ಳುತ್ತದೆ. ಅಷ್ಟು ಹೊತ್ತಿನಲ್ಲಿ ಬೆಳಕಿನ ಅಲೆ ಒಂದೂ ಮೂರನೆಯ ಎರಡು ಪಾಲಿನಷ್ಟು ಸಾಗುತ್ತದೆ. ಹಾಗಾಗಿ ಒಂದು ಚಿತ್ರಕ್ಕೆ ಎರಡು ಉಬ್ಬು ಸಿಕ್ಕರೆ ಇನ್ನೊಂದಕ್ಕೆ ಒಂದೇ ಸಿಗುತ್ತದೆ. ಒಂದು ಬೆಳ್ಳಗೆ, ಇನ್ನೊಂದು ಕಪ್ಪಗೆ. ಕ್ಯಾಮೆರಾದೊಳಗೆ ಬೆಳಕನ್ನು ಗ್ರಹಿಸುವ ಸಂವೇದಕ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುವುದರಿಂದ ಈ ವ್ಯತ್ಯಾಸ ಅಡ್ಡಪಟ್ಟೆಯಾಗಿ ಕಾಣುತ್ತದೆ. 50ರ ಮಾದರಿಯಲ್ಲಿ ಶಟರ್ 1/50 ಇರುತ್ತದೆ, ಪ್ರತಿ ಸಲವೂ ಸರಿಯಾಗಿ ಎರಡು ಉಬ್ಬು ಸಿಗುತ್ತವೆ, ಮಿಣುಕು ಇರುವುದಿಲ್ಲ. ಇದೇ ಕ್ಯಾಮೆರಾದಲ್ಲಿ ಶಟರನ್ನು ಕೈಯಿಂದ 1/100ಕ್ಕೆ ಇಡುವ ವ್ಯವಸ್ಥೆ ಇದ್ದಿದ್ದರೂ ಚಿತ್ರ ಸ್ವಲ್ಪ ಮಂದವಾಗುತ್ತಿತ್ತೇ ಹೊರತು ಹಾಳಾಗುತ್ತಿರಲಿಲ್ಲ. ಆ ವ್ಯವಸ್ಥೆ ಇದರಲ್ಲಿ ಇಲ್ಲ.

ಫೆಬ್ರುವರಿ 16ರಂದು ನಿಮ್ಮ ತಂತ್ರಜ್ಞರು ಕ್ಯಾಮೆರಾವನ್ನು ಮೊದಲಿನ ಸ್ಥಿತಿಗೆ ತಂದು, ಚಾವಣಿಯ ಎಲ್‌ಇಡಿ ದೀಪದ ಕೆಳಗೆ ಹಿಡಿದು, ಸರಿಯಾಗಿದೆ ಎಂದರು. ವಿದ್ಯುತ್ತನ್ನು ಏರಿಳಿತವಿಲ್ಲದೆ ಕೊಡುವ ಒಳ್ಳೆಯ ಡ್ರೈವರ್ ಇರುವ ಎಲ್‌ಇಡಿ ಮಿಣುಕುವುದಿಲ್ಲ, ಅಲ್ಲಿ ದೋಷ ಕಾಣುವುದೂ ಇಲ್ಲ. ಟ್ಯೂಬ್‌ಲೈಟಿನ ಎದುರು ಹಿಡಿದು ನೋಡಿ ಎಂದು ಕೇಳಿಕೊಂಡೆ. ಇಲ್ಲಿ ಟ್ಯೂಬ್‌ಲೈಟ್ ಇಲ್ಲ ಎಂದರು. ಮಾರ್ಚ್ 3ರಂದು ಬಿಡಿಸಿದ ಸ್ಟಿಕ್ಕರನ್ನೂ ಪೆಟ್ಟಿಗೆಯನ್ನೂ ಒಯ್ದೆ. ಆಗ ಮಾತು ಬದಲಾಯಿತು: ಅಂಗಡಿಯವರು ಹೊರದೇಶದ ಸರಕು ಮಾರಿರಬೇಕು, ನಮಗೆ ಸಂಬಂಧವಿಲ್ಲ. ಆಮದುದಾರರೆಂದು ಸ್ಟಿಕ್ಕರಿನಲ್ಲಿ ಹೆಸರಿರುವುದು ನಿಮ್ಮದು. ಖಾತರಿ ಪತ್ರದ ಮೊಹರು ನಿಮ್ಮದು. ಭಾರತದ ಮಾದರಿ ಎಂದು ದೂರವಾಣಿಯಲ್ಲಿ ಹೇಳಿದವರು ನಿಮ್ಮ ಸಿಬ್ಬಂದಿ. ಅಂಗಡಿಯವರ ಮೇಲೆ ಹಾಕಿ ಜಾರಿಕೊಳ್ಳುವುದು ಸರಿಯಲ್ಲ. ಆ ಬಡಪಾಯಿ ನನ್ನಷ್ಟೇ ನಿಮ್ಮನ್ನು ನಂಬಿದ್ದರು.

ಸಹೋದ್ಯೋಗಿಯೊಬ್ಬರ ಬಳಿ ಇದಕ್ಕಿಂತ ಹಳೆಯ, 50 ಹರ್ಟ್ಸಿನ ಕ್ಯಾಮೆರಾ ಇದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು, ನಮ್ಮ ಜಗಲಿಯ ಟ್ಯೂಬ್‌ಲೈಟಿನ ಕೆಳಗೆ ಒಂದೇ ಹೊತ್ತಿನಲ್ಲಿ ಐದು ನಿಮಿಷ ಚಿತ್ರೀಕರಿಸಿದೆವು. ಅವರದರಲ್ಲಿ ಗೋಡೆ ಗೋಡೆಯಂತಿದೆ, ನನ್ನದರಲ್ಲಿ ಪಟ್ಟೆಗಳು ಇಳಿಯುತ್ತಿವೆ. ಎರಡೂ ದೃಶ್ಯಗಳು ಜೊತೆಗಿರುವ ಪೆನ್‌ಡ್ರೈವಿನಲ್ಲಿವೆ. ಬೆಳಕು ಸರಿಯಿಲ್ಲ ಎನ್ನುವವರು ಅದನ್ನು ನೋಡಲಿ.

ಪೆಟ್ಟಿಗೆಯ ಇನ್ನೊಂದು ಮಾತು. "64 ಜಿಬಿ ಕಾರ್ಡಿನಲ್ಲಿ 25 ಗಂಟೆ ಫುಲ್ ಎಚ್‌ಡಿ" ಎಂದಿದೆ. ಭಾಗಿಸಿ ನೋಡಿದರೆ ಅದು ಸೆಕೆಂಡಿಗೆ 6 ಮೆಗಾಬಿಟ್‌ಗಿಂತ ಕಡಿಮೆ, ಉತ್ತಮ ಗುಣಮಟ್ಟದ ಕಾಲುಭಾಗ. ಕೈಪಿಡಿಯ ಪ್ರಕಾರ ಆ ದೀರ್ಘ ದಾಖಲಾತಿಯಲ್ಲಿ ಚಿತ್ರ 1440 × 1080 ಮಾತ್ರ. ಪೆಟ್ಟಿಗೆಯ ಮುಖದ ಮೇಲೆ ಹೇಳಿದ 1920 × 1080 ಗುಣಮಟ್ಟದಲ್ಲಿ ಅದೇ ಕಾರ್ಡು ಆರು ಗಂಟೆಯೂ ಬರುವುದಿಲ್ಲ. ನಾನು ಕೈಪಿಡಿ ಓದಿ ಎರಡು ಕಾರ್ಡು ಇಟ್ಟುಕೊಂಡಿದ್ದರಿಂದ ಬಚಾವಾದೆ. ಪೆಟ್ಟಿಗೆಯ ಮಾತು ನಂಬಿ ಮದುವೆಗೆ ಒಂದೇ ಕಾರ್ಡು ಒಯ್ದವರಿಗೆ ಧಾರೆಯ ಹೊತ್ತಿಗೆ ಜಾಗ ಮುಗಿದಿರುತ್ತದೆ.

ನಾನು ಕೇಳುವುದು ಇಷ್ಟು. ಈ ಕ್ಯಾಮೆರಾವನ್ನು ಹಿಂದಕ್ಕೆ ಪಡೆದು ಇದೇ ದರ್ಜೆಯ 50 ಹರ್ಟ್ಸ್ ಮಾದರಿಯನ್ನು ಕೊಡಿ, ಇಲ್ಲವೇ 42,500 ರೂಪಾಯಿಯನ್ನು ಪೂರ್ತಿಯಾಗಿ ಹಿಂದಿರುಗಿಸಿ. ತುಂಡುಗಳನ್ನು ಜೋಡಿಸುವ ತಂತ್ರಾಂಶವನ್ನು ಕೂಡಲೇ ಕಳುಹಿಸಿ. ಮಿಣುಕನ್ನು ತಗ್ಗಿಸಲು ಬರುವ ತಂತ್ರಾಂಶಗಳಿವೆ. ಅಪ್ಪಯ್ಯನ ಕರ್ಣನ ಆ ಒಂದೂಕಾಲು ಗಂಟೆಯನ್ನು ನಿಮ್ಮ ಖರ್ಚಿನಲ್ಲಿ, ಕೈಲಾದಷ್ಟು ಸರಿಪಡಿಸಿ ಕೊಡಿ. ಪಟ್ಟೆ ಪೂರ್ತಿ ಹೋಗದು ಎಂದು ಬಲ್ಲೆ. ಕಣ್ಣು ಕಾಣುವಷ್ಟಾದರೂ ಆಗಲಿ. ಮೂಲ ಕಾರ್ಡನ್ನು ನಾನು ಕೈಬಿಡುವುದಿಲ್ಲ, ನಕಲು ಕೊಡುತ್ತೇನೆ. ಈ ಸರಕಿನ ಇತರ ಕ್ಯಾಮೆರಾಗಳನ್ನು ಕೊಂಡವರಿಗೂ ವಿಷಯ ತಿಳಿಸಿ. ಅವರಲ್ಲಿ ಯಾರದೋ ಮನೆಯಲ್ಲಿ ಮುಂದಿನ ತಿಂಗಳು ಮದುವೆ ಇರಬಹುದು.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಉಡುಪಿಯ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದು ದೋಷವುಳ್ಳ ಸರಕು, ಜೊತೆಗೆ ಅನುಚಿತ ವ್ಯಾಪಾರ ಪದ್ಧತಿ. ದೂರು ಕೊಡಲು ಎರಡು ವರ್ಷದ ಅವಧಿ ಇದೆ, ಐದು ಲಕ್ಷ ರೂಪಾಯಿಯೊಳಗಿನ ಖರೀದಿಗೆ ಶುಲ್ಕವೂ ಇಲ್ಲ. ಅಲೆದಾಟ ನನಗೆ ಹೊಸದಲ್ಲ, ಅಲೆಯುತ್ತೇನೆ.

ರಸೀದಿ, ಖಾತರಿ ಪತ್ರ, ಸೇವಾ ಕೇಂದ್ರದ ಎರಡು ಚೀಟಿಗಳ ನಕಲು, ಸ್ಟಿಕ್ಕರ್ ಬಿಡಿಸುವ ಮೊದಲು ಮತ್ತು ಬಿಡಿಸಿದ ಮೇಲೆ ತೆಗೆದ ಫೋಟೊಗಳು, ಪೆನ್‌ಡ್ರೈವ್ ಲಗತ್ತಿಸಿದ್ದೇನೆ. ಶಾಲೆ ಇರುವುದರಿಂದ ಸಂಜೆ ನಾಲ್ಕೂವರೆಯ ನಂತರ ಕರೆ ಮಾಡಿ. ಹಗಲಿನಲ್ಲಿ ಮನೆಗೆ ಕರೆ ಮಾಡಿದರೆ ಅಪ್ಪಯ್ಯ ಎತ್ತುತ್ತಾರೆ. ದೋಷ ಕ್ಯಾಮೆರಾದ್ದು, ಕಣ್ಣಿನದಲ್ಲ ಎಂದು ನಿಮ್ಮವರೇ ಅವರಿಗೊಮ್ಮೆ ಹೇಳಿದರೂ ಆದೀತು.

ಇತಿ,
ನಿಮ್ಮ ಗ್ರಾಹಕಿ
(ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಲಗತ್ತಿಸಿದ ರಸೀದಿಯಲ್ಲಿವೆ)