ತೊಂಬತ್ತು ಇಂಚು ಟೇಪು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಜನರ ಮಾತು ರೆಕಾರ್ಡ್ ಮಾಡಿ ಎಡಿಟ್ ಮಾಡುವುದರ ಬಗ್ಗೆ ಬರೆದ ಕಾಗದದಲ್ಲಿ ಬೇರೆಲ್ಲ ಓದಿ ಖುಷಿಯಾಯಿತು. ಆದರೆ ಕೊನೆಯಲ್ಲಿ ಒಂದು ಮಾತು ಬರೆದಿದ್ದೀಯ. "ಈಗ ಯಾರು ಮಾತಾಡಿದರೂ ಪೂರ್ತಿ ಕೇಳೋಕಾಗ್ತಿಲ್ಲ ದೊಡ್ಡಪ್ಪ. ಅವರು ಹೇಳ್ತಿರುವಾಗಲೇ ಎಲ್ಲಿ ಕಟ್ ಮಾಡಲಿ ಅಂತ ತಲೆ ಓಡುತ್ತೆ. ಅಮ್ಮ ಫೋನ್ ಮಾಡಿದಾಗಲೂ." ಆ 'ಅಮ್ಮ ಫೋನ್ ಮಾಡಿದಾಗಲೂ' ಅನ್ನುವುದನ್ನು ಓದಿದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ನಿನಗಾಗಿರುವುದು ನನಗೂ ಆಗಿತ್ತು. ನಿನಗೆ ಹೆದರಿಕೆಯಾದರೂ ಆಯಿತು. ನನಗೆ ಅದೂ ಆಗಲಿಲ್ಲ.

ನಾವು ರೇಡಿಯೋದಲ್ಲಿ ಮಾತನ್ನು ಕೈಯಲ್ಲೇ ಮುಟ್ಟಿ ಕೆಲಸ ಮಾಡಿದವರು. ಸ್ಪೂಲ್ ಟೇಪು ಸೆಕೆಂಡಿಗೆ ಏಳೂವರೆ ಇಂಚು ಓಡುತ್ತಿತ್ತು. ರೀಲನ್ನು ಕೈಯಿಂದ ಹಿಂದೆ ಮುಂದೆ ತಿರುಗಿಸಿ, ಬೇಡದ ಮಾತು ಎಲ್ಲಿ ಶುರು ಅಂತ ಹುಡುಕಿ, ಪೆನ್ಸಿಲಿನಿಂದ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕೊಯ್ದು ಅಂಟಿಸುತ್ತಿದ್ದೆವು. ನೇರ ಕೊಯ್ದರೆ ಸೇರಿದ ಕಡೆ 'ಟಕ್' ಅಂತ ಕೇಳುವ ಭಯ, ಅದಕ್ಕೇ ಓರೆ. ನಾನು ಎಲ್ಲಿ ಅಂಟಿಸಿದ್ದೇನೆ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದರ ಹೆಮ್ಮೆ ಜಾಸ್ತಿ ಇತ್ತು ನನಗೆ.

1984ರಲ್ಲಿ ಒಂದು ಹಳ್ಳಿಗೆ ಬೀಸುವ ಪದ ರೆಕಾರ್ಡ್ ಮಾಡಲು ಹೋಗಿದ್ದೆ. ಹಾಡುತ್ತಿದ್ದ ಅಜ್ಜಿ ತವರಿನ ಸಾಲು ಬಂದಾಗ ನಿಲ್ಲಿಸಿಬಿಟ್ಟರು. ಬೀಸುಕಲ್ಲು ಇನ್ನೊಂದು ಸುತ್ತು ತಿರುಗಿ ನಿಂತಿತು. ದೂರದಲ್ಲಿ ಒಂದು ಕರು ಕೂಗಿತು. ಆಮೇಲೆ ಅದೇ ಸಾಲನ್ನು ಬೇರೆಯೇ ದನಿಯಲ್ಲಿ ಎತ್ತಿಕೊಂಡರು. ನಡುವೆ ಹನ್ನೆರಡು ಸೆಕೆಂಡು. ನಾನು ಅವರ ಮುಖ ನೋಡಲಿಲ್ಲ. ದನಿಯ ಮಟ್ಟ ತೋರಿಸುವ ಮೀಟರಿನ ಮುಳ್ಳು ಬಿದ್ದದ್ದನ್ನು ನೋಡುತ್ತಿದ್ದೆ. ಇದನ್ನು ತೆಗೆಯಬೇಕು ಅಂತ ಅಲ್ಲೇ ಲೆಕ್ಕ ಹಾಕಿದ್ದೆ.

ವಾಪಸು ಬಂದು ಕೊಯ್ದೆ. 90 ಇಂಚು. ನನಗಿಂತ ಉದ್ದದ ತುಂಡು, ಬುಟ್ಟಿಗೆ ಹೋಯಿತು. ಕೆಲವು ತಿಂಗಳ ಮೇಲೆ ಅವರ ಮೊಮ್ಮಗನ ಕಾರ್ಡು ಬಂತು. ಅಜ್ಜಿ ತೀರಿಕೊಂಡಿದ್ದರು. "ಆ ಸಾಲಿಗೆ ಬಂದಾಗ ಅಜ್ಜಿ ಯಾವಾಗಲೂ ಸುಮ್ಮನಾಗುತ್ತಿದ್ದರು. ರೇಡಿಯೋದಲ್ಲಿ ಅದು ಬರಲಿಲ್ಲ. ಪೂರ್ತಿ ಟೇಪು ಇದೆಯಾ ಸಾರ್?" ಉಳಿದ ಟೇಪನ್ನು ನಾನೇ ಅಳಿಸಿ ಬೇರೆ ಕೆಲಸಕ್ಕೆ ಕೊಟ್ಟಿದ್ದೆ. ಆ ಕಾರ್ಡಿಗೆ ಉತ್ತರ ಬರೆಯಲಿಲ್ಲ. ಏನಂತ ಬರೆಯಲಿ?

ಮನೆಯಲ್ಲೂ ಹಾಗೇ ಇದ್ದೆ. ನಿನ್ನ ದೊಡ್ಡಮ್ಮ ಏನಾದರೂ ಹೇಳಲು ಶುರು ಮಾಡಿದರೆ "ವಿಷಯಕ್ಕೆ ಬಾ" ಅನ್ನುತ್ತಿದ್ದೆ. ಬರಬರುತ್ತಾ ಅವಳು ಹೇಳುವುದನ್ನೇ ಕಡಿಮೆ ಮಾಡಿದಳು. ಅದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅದಕ್ಕೇ ನಿನ್ನ ಮಾತು ಓದಿ ಇಷ್ಟು ಸಂಕಟವಾಯಿತು.

ಜನ ಎಲ್ಲಿಯವರೆಗೆ ಉಳಿದರು ಅಂತ ತೋರಿಸುವ, ನೀನು ಕಳಿಸಿದ ಗ್ರಾಫನ್ನು ತುಂಬಾ ಹೊತ್ತು ನೋಡಿದೆ. ನೀನು ರೆಕಾರ್ಡ್ ಮಾಡಿದ ಟಾಂಗಾದ ಅಜ್ಜ ಕುದುರೆ ಮಾರಿದ್ದನ್ನು ಹೇಳುತ್ತಾ ತಡೆದ ಕಡೆ ಗೆರೆ ಕೆಳಗೆ ಬಿದ್ದಿದೆ. ಇಲ್ಲಿ ಜನ ಬಿಟ್ಟು ಹೋದರು ಅಂತ ಬಾಣ ಹಾಕಿದ್ದೀಯ. ಯಾರು ಯಾವಾಗ ರೇಡಿಯೋ ಆರಿಸಿದರು ಅಂತ ನಮಗೆ ತಿಳಿಯುತ್ತಲೇ ಇರಲಿಲ್ಲ. 15 ಪೈಸೆಯ ಕಾರ್ಡು ಬಂದರೆ ಬಂತು. ನಿನಗೆ ಒಂದೊಂದು ಸೆಕೆಂಡಿನ ಲೆಕ್ಕವೂ ಕಣ್ಣೆದುರಿಗಿದೆ. 2020ರಲ್ಲಿ ಟಿಕ್‌ಟಾಕ್ ನಿಷೇಧವಾದ ಮೇಲೆ ಇಲ್ಲಿ ರೀಲ್ಸ್ ಬಂತು, ಶಾರ್ಟ್ಸ್ ಬಂತು. ಶಾರ್ಟ್ಸನ್ನು ಮೊದಲು ಪ್ರಯೋಗಕ್ಕೆ ಬಿಟ್ಟಿದ್ದೇ ನಮ್ಮ ದೇಶದಲ್ಲಿ, ಆಗ ಒಂದು ವೀಡಿಯೋ ಹೆಚ್ಚೆಂದರೆ 15 ಸೆಕೆಂಡು. ನೀನಾಗ ಹೈಸ್ಕೂಲು. ಹಾಗಾಗಿ ಎಲ್ಲಾ ನಿನ್ನದೇ ತಪ್ಪು ಅಂದುಕೊಳ್ಳಬೇಡ ಮಗಳೇ. ಆದರೆ ಆ ಗೆರೆಯಲ್ಲಿ ಹೋದವರ ಲೆಕ್ಕ ಮಾತ್ರ ಇದೆ. ಕೊನೆಯವರೆಗೆ ಕೂತವರಿಗೆ ಏನಾಯಿತು ಅಂತ ಅದರಲ್ಲಿ ಇಲ್ಲ, ಅಲ್ವಾ?

ಒಂದು ಗುಂಡಿ ಒತ್ತಿದರೆ ಮಾತಿನ ನಡುವಿನ ಖಾಲಿ ಜಾಗವೆಲ್ಲ ಹೋಗಿ 40 ನಿಮಿಷ 26 ಆಗುತ್ತೆ ಅಂತಲೂ ಬರೆದಿದ್ದೀಯ. ಆ 14 ನಿಮಿಷದಲ್ಲಿ ಏನಿತ್ತು ಅಂತ ಕೇಳಿದೆಯಾ? ಗುಂಡಿ ಬೇಡ ಅಂತ ನಾನು ಹೇಳುತ್ತಿಲ್ಲ. ನಮಗೂ ಸಿಕ್ಕಿದ್ದರೆ ಒತ್ತುತ್ತಿದ್ದೆವು.

ನಿನ್ನ ಸಾಫ್ಟ್‌ವೇರು ನನಗೆ ತಿಳಿಯದು, ಬುದ್ಧಿ ಹೇಳಲು ಸಂಕೋಚ. ಆದರೂ, ರೆಕಾರ್ಡ್ ಆದದ್ದನ್ನು ಮೊದಲ ಸಲ ಸ್ಕ್ರೀನ್ ಆರಿಸಿ ಕೇಳು. ದನಿಯ ಗೆರೆ ಕಾಣುತ್ತಿದ್ದರೆ ಕಿವಿಗಿಂತ ಮೊದಲು ಕಣ್ಣು ಕತ್ತರಿಸಿಬಿಡುತ್ತದೆ. ನೀನಿರುವ ಮೈಸೂರಿನಲ್ಲೇ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ರೇಡಿಯೋ ಶುರು ಮಾಡಿದ್ದು. ಅವರು ಎಂಜಿನಿಯರ್ ಅಲ್ಲ, ಮನಃಶಾಸ್ತ್ರದ ಮೇಷ್ಟ್ರು; ಕೇಳುವುದು ಯಂತ್ರಕ್ಕಿಂತ ಮನಸ್ಸಿನ ಕೆಲಸ. ನಾನು ಕೆಲಸಕ್ಕೆ ಸೇರಿದಾಗ ಹಿರಿಯರೊಬ್ಬರು ಇದನ್ನು ಹೇಳಿದ್ದರು. ಅದನ್ನೂ ಆಗ ಅರ್ಧ ಕಿವಿಯಲ್ಲಿ ಕೇಳಿದೆ.

ಕತ್ತರಿಸುವ ಮುಂಚೆ ಮೂಲದ್ದನ್ನು ಎರಡು ಕಡೆ ಇಟ್ಟುಕೋ. ಇದನ್ನು ಕ್ಲಾಸಿನಲ್ಲೂ ಹೇಳಿರುತ್ತಾರೆ, ಆದರೂ ನನ್ನ ಸಮಾಧಾನಕ್ಕೆ.

ಮತ್ತೆ ಅಮ್ಮನ ಫೋನು. ಅವಳು "ಮತ್ತೇ..." ಅಂತ ನಿಲ್ಲಿಸುತ್ತಾಳಲ್ಲ, ಅಲ್ಲಿ ನೀನು ಏನೂ ಹೇಳಬೇಡ. ಸ್ವಲ್ಪ ಹೊತ್ತು ಸುಮ್ನೆ ಇರು.

ಟಾಂಗಾದ ಅಜ್ಜನ ರೆಕಾರ್ಡಿಂಗು ನನಗೆ ಕಳಿಸು. 26 ನಿಮಿಷದ್ದಲ್ಲ, 40 ನಿಮಿಷದ್ದು. ರಾತ್ರಿ ಊಟವಾದ ಮೇಲೆ ದೊಡ್ಡಮ್ಮನನ್ನೂ ಕೂರಿಸಿಕೊಂಡು ಕೇಳುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ