ಹೊಸ್ತಿಲನ್ನು ಬಿಟ್ಟು ಬರೆದಿದ್ದೀಯ, ಕೂಸೇ

ನನ್ನ ಕೂಸೇ,

ಹಳೆ ಬಾಗಲಕೋಟೆಯ ಮುಳುಗಡೆಯ ಮೇಲೆ ನೀನು ಬರೆಯುತ್ತಿರುವ ಕಾದಂಬರಿಯ, ನೀನು ಕಳಿಸಿದ ಮೂರೂ ಅಧ್ಯಾಯ ಓದಿದೆ. ಮೊಬೈಲಿನಲ್ಲಿ ಓದಲು ಕಣ್ಣು ಕೇಳಲಿಲ್ಲ, ಅದಕ್ಕೆ ಝೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸಿಕೊಂಡು ಬಂದೆ. ಮೊನ್ನೆ ರಾತ್ರಿ ಅರ್ಧ, ನಿನ್ನೆ ರಾತ್ರಿ ಅರ್ಧ. ಹೊಲಿಯಬೇಕಿದ್ದ ಐದು ಖಣದ ಕುಪ್ಪಸ ಹಾಗೇ ಮಷೀನಿನ ಮೇಲೆ ಕುಳಿತಿವೆ. "ಹೆಂಗೈತಿ ಖರೇ ಹೇಳವ್ವಾ, ಸುಮ್ನ ಚಂದ ಐತಿ ಅನ್ನಬ್ಯಾಡ" ಅಂದಿದ್ದೆ ನೀನು. ಫೋನಿನಲ್ಲಿ ನನಗೆ ಅಷ್ಟೆಲ್ಲ ಹೇಳಲು ಬರುವುದಿಲ್ಲ. ಅದಕ್ಕೆ ಬರೆಯಲು ಕುಳಿತೆ.

ಮೊದಲು ನಾನು ಹಾಳೆ ಕೆಳಗಿಟ್ಟ ಜಾಗ ಹೇಳುತ್ತೇನೆ. ಎರಡನೇ ಅಧ್ಯಾಯದಲ್ಲಿ ಆ ಹುಡುಗಿ, ಮುಳುಗಡೆಯವರಿಗಾಗಿ ಕಟ್ಟಿದ ನವನಗರದ ಹೊಸ ಮನೆಯಲ್ಲಿ ರಾತ್ರಿ ಎದ್ದು ಲೈಟು ಹಾಕಲು ಗೋಡೆ ತಡವುತ್ತಾಳೆ, ಆದರೆ ಕೈ ಹೋಗುವುದು ಹಳೆ ಮನೆಯ ಸ್ವಿಚ್ಚು ಇದ್ದ ಕಡೆಗೆ, ಅಲ್ಲಿ ಬರೀ ಗೋಡೆ. ಅದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆರು ತಿಂಗಳು ನಾನೂ ಹಾಗೇ ತಡವಿದ್ದೇನೆ. ಯಾರಿಗೂ ಹೇಳಿರಲಿಲ್ಲ, ನಿನಗೂ ಹೇಳಿರಲಿಲ್ಲ. ನಿನಗೆ ಅದು ಹೇಗೆ ಗೊತ್ತಾಯಿತು?

ಇನ್ನು ಮೊದಲ ಅಧ್ಯಾಯ. ಅದರಲ್ಲಿ ನಾಲ್ಕು ಪುಟ ಆಲಮಟ್ಟಿ ಅಣೆಕಟ್ಟೇ ಇದೆ. 2000ರ ಸುಪ್ರೀಂ ಕೋರ್ಟ್ ತೀರ್ಪು, ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರ, ಘಟಪ್ರಭೆಯ ಕಡೆಯಿಂದ ಹಿನ್ನೀರು ಹಳೆ ಬಾಗಲಕೋಟೆಯ ಓಣಿಗಳಿಗೆ ಬಂದದ್ದು. ಎಲ್ಲವೂ ಸರಿ ಇದೆ, ಕಷ್ಟಪಟ್ಟು ಹುಡುಕಿದ್ದೀಯ, ಗೊತ್ತಾಗುತ್ತದೆ. ಆದರೆ ಆ ನಾಲ್ಕು ಪುಟ ನನಗೆ ಇವತ್ತು ಬೆಳಿಗ್ಗೆ ನೆನಪಿರಲಿಲ್ಲ. ಸ್ವಿಚ್ಚು ನೆನಪಿತ್ತು.

ನನಗೆ ಯಾವ ಕಾದಂಬರಿ ಯಾಕೆ ನೆನಪಿದೆ ಅಂತ ರಾತ್ರಿ ಬಹಳ ಹೊತ್ತು ಯೋಚನೆ ಮಾಡಿದೆ. ನಾನು ಓದಿದ್ದು ಕಾಲೇಜಿನಲ್ಲಿ ಅಲ್ಲ ಅಂತ ನಿನಗೆ ಗೊತ್ತು. ವಾರಪತ್ರಿಕೆಯ ಧಾರಾವಾಹಿಯಿಂದ ಶುರುವಾಯಿತು. ಓಣಿಯ ನಾಲ್ಕು ಮನೆಗೆ ಒಂದೇ ಪ್ರತಿ, ನಮ್ಮ ಪಾಳಿ ಬರುವ ಹೊತ್ತಿಗೆ ಅದರ ಮೂಲೆಗಳೆಲ್ಲ ಮಡಿಚಿ ಎಣ್ಣೆ ಹತ್ತಿರುತ್ತಿತ್ತು. ಮುಗಿದ ಮೇಲೆ ಆ ಪುಟಗಳನ್ನೇ ಕತ್ತರಿಸಿ, ದಾರ ಹಾಕಿ ಹೊಲಿದು ಪುಸ್ತಕ ಮಾಡಿಕೊಳ್ಳುತ್ತಿದ್ದೆವು. ಆಮೇಲೆ ನಮ್ಮ ಬೀಳಗಿಯ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಗಳು. ವಾರವಿಡೀ ನಾವು ಕಾಯುತ್ತಿದ್ದದ್ದು ಏನಾಗುತ್ತದೆ ಅಂತ ನೋಡಲಿಕ್ಕೆ, ಖರೆ. ಆದರೆ 'ಅವಳಿಗೆ' ಏನಾಗುತ್ತದೆ ಅಂತ. ಆ 'ಅವಳು' ಮನಸ್ಸಿನಲ್ಲಿ ಬಂದು ಕುಳಿತಿರದಿದ್ದರೆ ಎಂಥ ತಿರುವು ಬಂದರೂ ಬೀಗರ ಊರಿನ ಸುದ್ದಿಯ ಹಾಗೆ, ಕೇಳಿದೆವು, ಬಿಟ್ಟೆವು.

ಭೈರಪ್ಪನವರ 'ಗೃಹಭಂಗ' ತಗೋ. 1970ರ ಪುಸ್ತಕ, ಅದರ ಊರುಗಳೆಲ್ಲ ತಿಪಟೂರು ಚನ್ನರಾಯಪಟ್ಟಣದ ಕಡೆಯವು, ನಾನು ಆ ಕಡೆ ಕಾಲಿಟ್ಟವಳಲ್ಲ. ಅದರಲ್ಲಿ ಪ್ಲೇಗು ಬರುತ್ತದೆ, ಮಕ್ಕಳು ಸಾಯುತ್ತವೆ, ಅತ್ತು ಕಣ್ಣು ಬಾತಿತ್ತು ನನಗೆ. ಆದರೆ ಈಗಲೂ ಕಣ್ಣ ಮುಂದೆ ಬರುವುದು ಆ ಸಾವುಗಳಿಗಿಂತ ಮೊದಲು ನಂಜಮ್ಮನ ಕೈ. ಗಂಡ ಮಾಡಬೇಕಾದ ಶ್ಯಾನುಭೋಗಿಕೆಯ ಲೆಕ್ಕ ಅವಳು ಬರೆಯುತ್ತಾಳೆ, ಮುತ್ತುಗದ ಎಲೆ ತಂದು ಹಚ್ಚಿ ಮಾರುತ್ತಾಳೆ. ಮಕ್ಕಳನ್ನು ಹೇಗಾದರೂ ದಡ ಮುಟ್ಟಿಸಬೇಕು ಅನ್ನುವುದು ಅವಳ ಎದೆಯಲ್ಲಿದ್ದದ್ದು, ಅದು ನನಗೆ ಕಂಡದ್ದು ಆ ಎಲೆಯಲ್ಲಿ. ಅಷ್ಟು ಎಲೆ ಹಚ್ಚಿದ್ದನ್ನು ನೋಡಿದ್ದೆ ನಾನು, ಅದಕ್ಕೇ ಆ ಮಕ್ಕಳು ಹೋದಾಗ ತಡೆಯಲು ಆಗಲಿಲ್ಲ.

'ಮಲೆಗಳಲ್ಲಿ ಮದುಮಗಳು' ಎಷ್ಟು ದಪ್ಪ ಪುಸ್ತಕ, ಅದರಲ್ಲಿ ಎಷ್ಟೊಂದು ಜನ, ಅರ್ಧ ಹೆಸರು ನನಗೆ ಮರೆತೇ ಹೋಗಿವೆ. ಗುತ್ತಿಯ ನಾಯಿ ಹುಲಿಯನನ್ನು ಮಾತ್ರ ಮರೆತಿಲ್ಲ. ಆ ನಾಯಿ ಹೊಳೆಯ ಪಾಲಾದಾಗ ನಿಮ್ಮಪ್ಪ ಪುಸ್ತಕ ಮುಚ್ಚಿ ಅಂಗಳಕ್ಕೆ ಎದ್ದು ಹೋಗಿದ್ದರು. ಕುವೆಂಪು ಒಂದು ನಾಯಿಗೂ ಮನುಷ್ಯರಿಗೆ ಕೊಟ್ಟಷ್ಟೇ ಜಾಗ, ಅಷ್ಟೇ ಹೊತ್ತು ಕೊಟ್ಟರು. ನೀನು ನಿನ್ನ ಹಾಲಿನವನಿಗೆ ಒಂದು ಸಾಲೂ ಕೊಟ್ಟಿಲ್ಲ, ಬರೀ 'ಹಾಲಿನವನು ಬಂದ' ಅಂತ ಇದೆ. ಓಣಿ ಖಾಲಿಯಾಗುತ್ತಾ ಬಂದಾಗ ಅವನ ಗಿರಾಕಿಗಳೂ ಒಂದೊಂದೇ ಮನೆ ಕಡಿಮೆ ಆಗಿರಬೇಕು, ಅಲ್ವಾ? ಅವನು ಕೊನೆಗೆ ಎಷ್ಟು ಲೀಟರ್ ತರುತ್ತಿದ್ದ?

ಮಾತಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಬೇಜಾರಾಗಬೇಡ. ನಿನ್ನ ಜನ ಮಾತಾಡುವಾಗ ಟಿವಿಯಲ್ಲಿ ವಾರ್ತೆ ಓದಿದ ಹಾಗೆ ಕೇಳುತ್ತದೆ. 'ನಾವು ನಮ್ಮ ಬೇರುಗಳನ್ನು ಕಳೆದುಕೊಳ್ಳುತ್ತಿದ್ದೇವೆ' ಅನ್ನುತ್ತಾಳೆ ನಿನ್ನ ಕಥೆಯ ಅಜ್ಜಿ. ನಮ್ಮ ಯಾವ ಅಜ್ಜಿ ಹಾಗೆ ಅಂದಾಳು? ರಾವಬಹಾದ್ದೂರರ 'ಗ್ರಾಮಾಯಣ' ಓದು, 1957ರಲ್ಲಿ ಬಂದದ್ದು. ಅದರಲ್ಲಿ ಒಬ್ಬ ನಾಯಕ ಅಂತ ಇಲ್ಲ, ಪಾದಳ್ಳಿ ಅನ್ನುವ ಊರಿಗೆ ಊರೇ ಕಥೆ, ಜನ ನಮ್ಮ ಕಡೆಯ ಮಾತಿನಲ್ಲೇ ಮಾತಾಡುತ್ತಾರೆ. ಓದುವಾಗ ಹಿಂದಿನ ಮನೆಯ ಕಟ್ಟೆಯ ಮೇಲೆ ಯಾರೋ ಕುಳಿತು ಮಾತಾಡಿದ ಹಾಗೆ ನನಗೆ ಕೇಳುತ್ತಿತ್ತು. ಬೆಂಗಳೂರಿನವರಿಗೆ ತಿಳಿಯದಿದ್ದರೆ ಅಂತ ಹೆದರಬೇಡ. ತಿಪಟೂರಿನ ಕಡೆಯ ಮಾತು ನನಗೆ ತಿಳಿಯಲಿಲ್ಲವಾ?

ಆದರೆ ದೊಡ್ಡ ಕೊರತೆ ಬೇರೆ ಇದೆ. ನಿನ್ನ ಹುಡುಗಿಗೆ ಏನೂ ಬೇಕಾಗಿಲ್ಲ. ನೀರು ಬರುತ್ತದೆ, ಅವಳು ನೋಡುತ್ತಾಳೆ, ದುಃಖಪಡುತ್ತಾಳೆ. ತೇಜಸ್ವಿಯವರ 'ಕರ್ವಾಲೊ' ನೆನಪಿದೆಯಲ್ಲ, ಎಸ್ಸೆಸ್ಸೆಲ್ಸಿ ರಜೆಯಲ್ಲಿ ಎರಡೆರಡು ಸಲ ಓದಿದ್ದೆ ನೀನು. ಒಂದು ಹಾರುವ ಓತಿ ಬೇಕು ಅಂತ ಅಷ್ಟು ಜನ ಕಾಡು ಹೊಕ್ಕರು. ಕೊನೆಗೆ ಅದು ಕೈಗೆ ಸಿಗದೆ ತೇಲಿ ಹೋಗುತ್ತದೆ. ಆದರೂ ಮೋಸ ಹೋದೆವು ಅನ್ನಿಸುವುದಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ನಮಗೂ ಅದು ಬೇಕಾಗಿರುತ್ತದೆ. ನಿನ್ನ ಪುಸ್ತಕದಲ್ಲಿ ನನಗೇನು ಬೇಕಾಗಬೇಕು ಹೇಳು.

ಅದಕ್ಕೇ ನಿನಗೊಂದು ಸಂಗತಿ ಹೇಳುತ್ತೇನೆ. ಆಗ ನೀನು ಮೂರು ವರ್ಷದ ಕೂಸು. ಮುಳುಗಡೆ ಅಂತ ಗೊತ್ತಾದ ಮೇಲೆ ಎಲ್ಲರೂ ಮನೆಯ ಬಾಗಿಲು, ಚೌಕಟ್ಟು, ತೊಲೆ ಕಿತ್ತುಕೊಂಡು ಟ್ರ್ಯಾಕ್ಟರಿಗೆ ಹಾಕುತ್ತಿದ್ದರು. ನಿನ್ನ ಆಯಿ ಕೇಳಿದ್ದು ಒಂದೇ, ತಲೆಬಾಗಿಲ ಹೊಸ್ತಿಲು. ಸಾಗವಾನಿಯದು, ನಾಲ್ಕು ಅಡಿ ಉದ್ದ, ತುಳಿದು ತುಳಿದು ನಡುವೆ ತಗ್ಗು ಬಿದ್ದಿತ್ತು, ಆ ತಗ್ಗಿನಲ್ಲಿ ಶುಕ್ರವಾರದ ಅರಿಷಿಣ ಗಟ್ಟಿಯಾಗಿ ಕುಳಿತಿತ್ತು. "ಹೊಸ್ತಿಲಾ ಬಿಟ್ಟು ಹೋದ್ರ ಹೊಸ ಮನ್ಯಾಗ ಎಲ್ಲಿಂದ ಒಳಗ ಹೋಗೂದು?" ಅಂದರು. ಹಾರೆ ಹಾಕಿ ಎಬ್ಬಿಸಲು ಒಂದು ಮಧ್ಯಾಹ್ನವೇ ಹಿಡಿಯಿತು. ಇಲ್ಲಿಗೆ ತಂದು ನೋಡಿದರೆ ಹೊಸ ಬಾಗಿಲು ಮೂರೇ ಅಡಿ, ಕೂಡಲಿಲ್ಲ. ಒಂದು ಅಡಿ ಕತ್ತರಿಸಿಬಿಡಿ ಅಂತ ಬಡಿಗನಿಗೆ ಹೇಳಿದವಳು ನಾನು. ಅವನು ಗರಗಸ ಇಟ್ಟ, ಎರಡು ಸಲ ಎಳೆದ, ಆಯಿ ಬಂದು ಗರಗಸದ ಮುಂದೆ ಕೈ ಇಟ್ಟರು. ಏನೂ ಅನ್ನಲಿಲ್ಲ. ಮೂರು ದಿನ ನನ್ನ ಜೊತೆ ಮಾತೂ ಆಡಲಿಲ್ಲ. ಅಂದಿನಿಂದ ಅದು ಹಿತ್ತಲಿನಲ್ಲಿದೆ, ಯಾವ ಬಾಗಿಲೂ ಇಲ್ಲದ ಹೊಸ್ತಿಲು. ಆಯಿ ಇರುವ ತನಕ ಪ್ರತಿ ಶುಕ್ರವಾರ ಹಿತ್ತಲಿಗೆ ಹೋಗಿ ಅದಕ್ಕೆ ಅರಿಷಿಣ ಹಚ್ಚಿ ಬರುತ್ತಿದ್ದರು.

ಬೇಕಾದರೆ ಇದನ್ನು ತಗೋ, ಬೇಡವಾದರೆ ನಿನ್ನ ಹುಡುಗಿಗೆ ಬೇರೆ ಏನನ್ನಾದರೂ ಕೊಡು. ಮುಕ್ತಾಯ ಆಗಲೇ ಯೋಚಿಸಿಟ್ಟಿದ್ದೇನೆ ಅಂದೆಯಲ್ಲ, ಅವಳು ಊರು ಬಿಟ್ಟು ವಿದೇಶಕ್ಕೆ ಹೋಗುತ್ತಾಳೆ ಅಂತ, ಅದು ಈಗ ಮೇಲಿಂದ ಹೊಲಿದ ಹಾಗಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ, ಆದರೆ ನೇಯುವವರು ಒಂದೊಂದೇ ಎಳೆಗೆ ಕೊಂಡಿ ಹಾಕಿ ಕೂಡಿಸಿರುತ್ತಾರೆ, ಎಷ್ಟು ಜಗ್ಗಿದರೂ ಬಿಡುವುದಿಲ್ಲ. ಮೊದಲ ಅಧ್ಯಾಯದ ಎಳೆ ಒಂದಾದರೂ ಆ ಕೊನೆಗೆ ಬಂದು ಮುಟ್ಟಬೇಕು.

ನಾಲ್ಕನೆಯದು ಯಾವಾಗ ಕಳಿಸುತ್ತೀ? ಅಕ್ಷರ ಸ್ವಲ್ಪ ದೊಡ್ಡದು ಮಾಡಿ ಕಳಿಸು. ದೀಪಾವಳಿಗೆ ಬಂದಾಗ ಹಿತ್ತಲಿಗೆ ಕರೆದುಕೊಂಡು ಹೋಗುತ್ತೇನೆ. ಹೊಸ್ತಿಲಿನ ಎಡಗಡೆ ತುದಿಯಲ್ಲಿ ಆ ಗರಗಸದ ಗುರುತು ಇನ್ನೂ ಇದೆ, ಅರ್ಧ ಇಂಚು ಒಳಗೆ ಹೋಗಿದೆ, ಬೆರಳಿಟ್ಟರೆ ಗೊತ್ತಾಗುತ್ತದೆ.

ನಿನ್ನ ಅವ್ವ
ನವನಗರ, ಬಾಗಲಕೋಟೆ