ಟ್ರಾಲ್ ಬೋಟಿನ ನೆಟ್‌ವರ್ಕ್ ವಯರಿಂಗ್ ಲೋಪ: ಆಗಸ್ಟ್ 1ರ ಮೊದಲು ಸರಿಪಡಿಸಿಕೊಡುವ ಬಗ್ಗೆ

ಇಂದ:
ಟ್ರಾಲ್ ಬೋಟಿನ ಮಾಲಕರು ಮತ್ತು ತಾಂಡೇಲರು (ಬೋಟು ನಡೆಸುವವರು),
ಮಲ್ಪೆ ಮೀನುಗಾರಿಕಾ ಬಂದರು, ಉಡುಪಿ ಜಿಲ್ಲೆ

ಇವರಿಗೆ:
ಸರ್ವಿಸ್ ಮ್ಯಾನೇಜರ್,
ಬೋಟ್ ಎಲೆಕ್ಟ್ರಾನಿಕ್ಸ್ ಮಾರಾಟ ಮತ್ತು ಅಳವಡಿಕೆ ವಿಭಾಗ

ಮಾನ್ಯರೇ,

ಈ ಸಲದ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ನಿಮ್ಮವರು ನಮ್ಮ ಬೋಟಿಗೆ ಎನ್‌ಎಂಇಎ 2000 ನೆಟ್‌ವರ್ಕ್ (ಬೋಟಿನ ಉಪಕರಣಗಳು ಒಂದೇ ಕೇಬಲಿನಲ್ಲಿ ಮಾಹಿತಿ ಮತ್ತು ಕರೆಂಟ್ ಹಂಚಿಕೊಳ್ಳುವ ವ್ಯವಸ್ಥೆ) ಎಳೆದು, ಜಿಪಿಎಸ್ ಆಂಟೆನಾ, ಬೋಟಿನ ಮುಖ ಯಾವ ದಿಕ್ಕಿಗಿದೆ ಎಂದು ತಿಳಿಸುವ ಹೆಡಿಂಗ್ ಸೆನ್ಸರ್, ಆಳ ಅಳೆಯುವ ಸೆನ್ಸರ್, ಎಂಜಿನ್ ಮಾಹಿತಿಯನ್ನು ನೆಟ್‌ವರ್ಕಿಗೆ ಕೊಡುವ ಎಂಜಿನ್ ಗೇಟ್‌ವೇ, ಎರಡು ಡಿಸ್‌ಪ್ಲೇ ಮತ್ತು ಪ್ಲಾಟರ್ (ಕಡಲ ನಕ್ಷೆಯ ಮೇಲೆ ಬೋಟಿರುವ ಜಾಗ ತೋರಿಸುವ ಪರದೆ) ಜೋಡಿಸಿ ಹೋಗಿದ್ದಾರೆ. ಎಂಜಿನ್ ಸ್ಟಾರ್ಟ್ ಮಾಡಿದಾಗಲೆಲ್ಲ ಪ್ಲಾಟರಿನಲ್ಲಿ ಬೋಟು ಇರುವ ಜಾಗ ಮಾಯವಾಗುತ್ತದೆ, ಆಳದ ಅಂಕಿ ಇರಬೇಕಾದಲ್ಲಿ ಬರೀ ಗೆರೆ ಕಾಣುತ್ತದೆ. ದೂರು ಕೊಟ್ಟಾಗ ನಿಮ್ಮ ತಂತ್ರಜ್ಞರು ಹೇಳಿದ್ದು, ಆಂಟೆನಾ ಹೋಗಿದೆ, ಹೊಸದು ತೆಗೆದುಕೊಳ್ಳಿ ಎಂದು. ಇದನ್ನು ನಾವು ಒಪ್ಪುವುದಿಲ್ಲ. ಅದೇ ಆಂಟೆನಾ, ಅದೇ ಸೆನ್ಸರು, ಅದೇ ಪ್ಲಾಟರನ್ನು ಬೇರೆ ಟೀ ಕನೆಕ್ಟರುಗಳಿಗೆ (ಮುಖ್ಯ ಕೇಬಲಿಗೆ ಉಪಕರಣ ಸೇರಿಸುವ ಮೂರು ಬಾಯಿಯ ಜೋಡಣೆ) ಹಾಕಿ, ಎರಡು ತುದಿಗೆ ಎರಡು ಟರ್ಮಿನೇಟರ್ (ಸಿಗ್ನಲ್ ತುದಿಯಿಂದ ವಾಪಸ್ ಬರದಂತೆ ತಡೆಯುವ ರೆಸಿಸ್ಟರ್) ಕೊಟ್ಟು, ಪೂರ್ತಿ ಚಾರ್ಜ್ ಆದ ಪ್ರತ್ಯೇಕ 12 ವೋಲ್ಟ್ ಬ್ಯಾಟರಿಯಿಂದ ಓಡಿಸಿದರೆ ಒಂದು ತಕರಾರೂ ಇಲ್ಲ. ತಪ್ಪು ಇರುವುದು ವಯರಿಂಗಿನಲ್ಲಿ. ಎಲ್ಲೆಲ್ಲಿ ಎಂಬುದನ್ನು ಅಳೆದೇ ಬರೆಯುತ್ತಿದ್ದೇವೆ.

ಮೊದಲು ಕರೆಂಟಿನ ವಿಚಾರ. ನಮ್ಮದು 24 ವೋಲ್ಟಿನ ಬೋಟು, 12 ವೋಲ್ಟಿನ ಎರಡು ಬ್ಯಾಟರಿ ಸೀರೀಸಿನಲ್ಲಿವೆ. ನಿಮ್ಮವರು ಕನ್ವರ್ಟರ್ ಹಾಕುವ ಬದಲು ಎರಡರಲ್ಲಿ ಒಂದು ಬ್ಯಾಟರಿಯಿಂದ ಮಾತ್ರ 12 ವೋಲ್ಟ್ ಎಳೆದಿದ್ದಾರೆ. ಹೀಗೆ ಮಾಡಿದರೆ ಒಂದು ಬ್ಯಾಟರಿ ದಿನವೂ ಹೆಚ್ಚು ಖಾಲಿಯಾಗುತ್ತದೆ. ಚಾರ್ಜಿಂಗ್ ಮಾತ್ರ ಎರಡಕ್ಕೂ ಒಟ್ಟಿಗೇ ಆಗುವುದರಿಂದ ಒಂದು ಅರೆಹೊಟ್ಟೆಯಲ್ಲೇ ಉಳಿದರೆ ಇನ್ನೊಂದು ಓವರ್‌ಚಾರ್ಜ್ ಆಗಿ ನೀರು ಕುದಿಸುತ್ತದೆ. ಕೊನೆಗೆ ಎರಡೂ ಹಾಳು. ಸಾಲದ್ದಕ್ಕೆ ಎಂಜಿನ್ ಸ್ಟಾರ್ಟ್ ಮಾಡುವುದೂ ಇವೇ ಬ್ಯಾಟರಿಗಳು.

ಲೆಕ್ಕ ನೋಡಿ. ವೀಲ್‌ಹೌಸಿನ (ಬೋಟು ನಡೆಸುವ ಕೋಣೆ) ಉಪಕರಣಗಳ ಒಟ್ಟು ಹೊರೆ 14 ಎಲ್‌ಇಎನ್; ಇದು ಉಪಕರಣ ಎಳೆಯುವ ಕರೆಂಟಿನ ಅಳತೆ. ಒಂದು ಎಲ್‌ಇಎನ್ ಅಂದರೆ 50 ಮಿಲಿಆಂಪಿಯರ್, ಹಾಗಾಗಿ 0.7 ಆಂಪಿಯರ್. ಎಂಜಿನ್ ಕೋಣೆಯಿಂದ ವೀಲ್‌ಹೌಸಿಗೆ ಬ್ಯಾಕ್‌ಬೋನ್ (ಮುಖ್ಯ) ಕೇಬಲ್ 14 ಮೀಟರ್; ಹೋಗಿ ಬರುವ ದಾರಿ 28 ಮೀಟರ್. ತೆಳು ಮೈಕ್ರೋ ಕೇಬಲಿಗೆ ಮೀಟರಿಗೆ 0.057 ಓಮ್ ಹಿಡಿದರೆ ಸುಮಾರು 1.1 ವೋಲ್ಟ್ ಇಳಿಯಬೇಕು. ಬ್ಯಾಟರಿಯಲ್ಲಿ 12.3 ಇದ್ದಾಗ ವೀಲ್‌ಹೌಸಿನ ಟೀ ಕನೆಕ್ಟರಿನಲ್ಲಿ ಸಿಕ್ಕಿದ್ದು 10.7. ಅಂದರೆ ಇನ್ನೊಂದು ಅರ್ಧ ವೋಲ್ಟನ್ನು ನಡುವೆ ಏನೋ ನುಂಗುತ್ತಿದೆ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿ 9.6ಕ್ಕೆ ಕುಸಿಯುತ್ತದೆ, ವೀಲ್‌ಹೌಸಿಗೆ ತಲುಪುವುದು 8. ಈ ಉಪಕರಣಗಳಿಗೆ ಕನಿಷ್ಠ 9 ವೋಲ್ಟ್ ಬೇಕು. ಆಂಟೆನಾ ಆಫ್ ಆಗುವುದು ಈ ಕಾರಣಕ್ಕೇ.

ಆ ಅರ್ಧ ವೋಲ್ಟ್ ಎಲ್ಲಿ ಹೋಗುತ್ತಿದೆ ಎಂದು ಹುಡುಕಿದಾಗ ಬಿಲ್ಜಿನ (ಬೋಟಿನ ತಳದಲ್ಲಿ ನೀರು ಸೇರುವ ಜಾಗ) ಪಕ್ಕದಲ್ಲಿ ಕಪ್ಪು ಟೇಪ್ ಸುತ್ತಿದ ಗಂಟು ಸಿಕ್ಕಿತು. ಬ್ಯಾಕ್‌ಬೋನ್ ಉದ್ದ ಸಾಲದೆ ಸಾದಾ ನಾಲ್ಕು ಕೋರ್ ತಾಮ್ರದ ವಯರನ್ನು ಹೊಸೆದು ಸೇರಿಸಿದ್ದಾರೆ. ಟೇಪ್ ಬಿಚ್ಚಿದರೆ ಅಂಟು ನೀರಾಗಿತ್ತು, ಎಳೆಗಳು ಹಸಿರು ಪುಡಿಯಾಗಿದ್ದವು, ಪ್ಲಾಸ್ಟಿಕ್ ಸುಲಿದಷ್ಟೂ ಒಳಗೆ ಕಪ್ಪಾಗಿತ್ತು. ತವರ ಲೇಪಿಸದ ತಾಮ್ರ ಉಪ್ಪುಗಾಳಿಗೆ ಹೀಗೇ ಆಗುತ್ತದೆ. ಬಿಲ್ಲಿನಲ್ಲಿ ಪೂರ್ತಿ ಮೆರೈನ್ ಕೇಬಲ್ ಎಂದು ಹಣ ಪಡೆದಿದ್ದೀರಿ.

ಎರಡನೆಯದು ಟರ್ಮಿನೇಟರ್. ಕರೆಂಟ್ ಆಫ್ ಮಾಡಿ ಡೇಟಾ ಸಾಗುವ ಬಿಳಿ ಮತ್ತು ನೀಲಿ ತಂತಿಯ ನಡುವೆ ಅಳೆದರೆ 60 ಓಮ್ ಬರಬೇಕು. ಎರಡು ತುದಿಗಳಲ್ಲಿ 120 ಓಮಿನ ಒಂದೊಂದು ಇರುವುದರಿಂದ. ನಮ್ಮಲ್ಲಿ ಬಂದದ್ದು 40, ಅಂದರೆ ಮೂರು ಟರ್ಮಿನೇಟರ್. ಮೂರನೆಯದು ಮಾಸ್ಟಿನ (ಬೋಟಿನ ಕಂಬ) ಮೇಲಿದೆ. ಜಿಪಿಎಸ್ ಆಂಟೆನಾಕ್ಕೆ 9 ಮೀಟರಿನ ಡ್ರಾಪ್ ಕೇಬಲ್ (ಬ್ಯಾಕ್‌ಬೋನಿನಿಂದ ಉಪಕರಣಕ್ಕೆ ಹೋಗುವ ಕವಲು) ಎಳೆದು ಅದರ ತುದಿಗೂ ಒಂದು ಸಿಕ್ಕಿಸಿದ್ದಾರೆ. ಒಂದು ಡ್ರಾಪ್ 6 ಮೀಟರ್ ಮೀರಬಾರದು, ಡ್ರಾಪಿನ ಮೇಲೆ ಟರ್ಮಿನೇಟರ್ ಇರಲೇಬಾರದು. ಹೀಗಿದ್ದರೂ ದಕ್ಕೆಯಲ್ಲಿ ನಿಂತಾಗ ಎಲ್ಲ ಸರಿಯಿದ್ದಂತೆ ಕಾಣುತ್ತದೆ, ಆಗಾಗ ಮಾತ್ರ ಡೇಟಾ ಬಿಟ್ಟುಹೋಗುತ್ತದೆ. ದೊಡ್ಡ ಅಪಾಯ ಇದೇ. ಪೂರ್ತಿ ಸತ್ತ ನೆಟ್‌ವರ್ಕನ್ನು ಯಾರೂ ನಂಬಿ ಹೋಗುವುದಿಲ್ಲ. ಕೇಬಲಿನೊಳಗೆ ಹೊರಗಿನ ವಿದ್ಯುತ್ ಗದ್ದಲ ತಡೆಯುವ ಶೀಲ್ಡ್ ತಂತಿಯನ್ನು ಎಂಜಿನ್ ಬಾಡಿಗೂ ಮಾಸ್ಟಿಗೂ, ಎರಡೂ ಕಡೆ ಅರ್ತ್ ಮಾಡಿದ್ದಾರೆ. ಅದನ್ನು ಕರೆಂಟ್ ಒಳಬರುವ ಒಂದೇ ಜಾಗದಲ್ಲಿ ಕಟ್ಟಬೇಕು.

ನಮಗೆ ಎಲ್ಲಕ್ಕಿಂತ ಚಿಂತೆ ವಿಎಚ್‌ಎಫ್ ರೇಡಿಯೊ ಸೆಟ್ಟಿನದು. ಕೆಂಪು ಡಿಸ್ಟ್ರೆಸ್ ಗುಂಡಿ ಒತ್ತಿದರೆ ಚಾನೆಲ್ 70ರಲ್ಲಿ ಬೋಟಿನ 9 ಅಂಕಿಯ ಎಂಎಂಎಸ್‌ಐ (ರೇಡಿಯೊ ಗುರುತು) ಸಂಖ್ಯೆಯೊಂದಿಗೆ ಬೋಟಿರುವ ಜಾಗವೂ ಹೋಗಬೇಕು. ಭಾರತದ ಕೋಡ್ ಆದ 419ರಿಂದ ಶುರುವಾಗುವ ಸಂಖ್ಯೆಯನ್ನು ಸರಿಯಾಗಿಯೇ ಹಾಕಿದ್ದೀರಿ. ಆದರೆ ಜಾಗ ಹೋಗುವುದಿಲ್ಲ. ಪ್ಲಾಟರಿನಿಂದ ಸೆಟ್ಟಿಗೆ ಬರುವ ಎನ್‌ಎಂಇಎ 0183 (ಹಳೆಯ ಬಗೆಯ ಡೇಟಾ ಸಂಪರ್ಕ) ಜೋಡಿ ತಂತಿಯಲ್ಲಿ ಪ್ಲಾಟರ್ ಸೆಕೆಂಡಿಗೆ 38400 ಬಿಟ್ ವೇಗದಲ್ಲಿ ಕಳಿಸುತ್ತಿದೆ, ಸೆಟ್ಟು 4800ರಲ್ಲಿ ಕೇಳುತ್ತಿದೆ. ಮೇಲಾಗಿ ಜೋಡಿಯ ಎರಡನೇ ತಂತಿಯನ್ನು ಸೆಟ್ಟಿನ ಬಿ ತುದಿಗೆ ಕೊಡದೆ ಎಂಜಿನ್ ಬಾಡಿಗೆ ಕಟ್ಟಿದ್ದಾರೆ. 2018ರ ಡಿಸೆಂಬರಿನಲ್ಲಿ ಇದೇ ಬಂದರಿನಿಂದ ಹೊರಟ ಸುವರ್ಣ ತ್ರಿಭುಜ ಬೋಟು 7 ಮಂದಿಯೊಂದಿಗೆ ಕಾಣೆಯಾಯಿತು. ಮರುವರ್ಷ ಮಹಾರಾಷ್ಟ್ರದ ಮಾಲ್ವಣ್ ಕಡಲಿನ ತಳದಲ್ಲಿ ಅವಶೇಷ ಸಿಕ್ಕಿತು. ಅದಕ್ಕೆ ವಯರಿಂಗ್ ಕಾರಣ ಎಂದು ನಾವು ಹೇಳುತ್ತಿಲ್ಲ. ಆದರೆ ಬೋಟು ಎಲ್ಲಿದೆ ಎಂದು ದಡಕ್ಕೆ ತಿಳಿಯದಿದ್ದರೆ ಮನೆಯವರ ಗತಿ ಏನಾಗುತ್ತದೆ ಎಂಬುದನ್ನು ಮಲ್ಪೆ ಕಣ್ಣಾರೆ ಕಂಡಿದೆ. ಜಾಗ ತಿಳಿಸದ ಡಿಸ್ಟ್ರೆಸ್ ಗುಂಡಿಯನ್ನು ನಂಬಿಸಿ ನಮ್ಮ ಕಲಾಸಿಗಳನ್ನು ಕಡಲಿಗೆ ಕಳಿಸಲು ನಾವು ತಯಾರಿಲ್ಲ.

ಆದ್ದರಿಂದ ಯಾವ ಹೆಚ್ಚಿನ ಶುಲ್ಕವೂ ಇಲ್ಲದೆ ನೀವು ಮಾಡಿಕೊಡಬೇಕಾದದ್ದು ಇಷ್ಟು. ಗಂಟು ಹಾಕಿದ ತುಂಡು ತೆಗೆದು, ಎಂಜಿನ್ ಕೋಣೆಯಿಂದ ಮಾಸ್ಟಿನವರೆಗೆ ಒಂದೇ ಬ್ಯಾಕ್‌ಬೋನ್ ಎಳೆಯಿರಿ. ಟೀ ಕನೆಕ್ಟರನ್ನು ಆಂಟೆನಾದ ಬುಡದಲ್ಲೇ ಕೊಡಿ, ಟರ್ಮಿನೇಟರ್ ಎರಡು ತುದಿಯಲ್ಲಿ ಮಾತ್ರ ಇರಲಿ. ಸ್ಟಾರ್ಟರಿಗೆ ಸಂಬಂಧವಿಲ್ಲದ ಸರ್ವಿಸ್ ಬ್ಯಾಟರಿಯಿಂದ ಐಸೊಲೇಟೆಡ್ 24–12 ವೋಲ್ಟ್ ಕನ್ವರ್ಟರ್ ಮತ್ತು 3 ಆಂಪಿಯರ್ ಫ್ಯೂಸ್ ಮೂಲಕ ವೀಲ್‌ಹೌಸಿನಲ್ಲೇ ಕರೆಂಟ್ ಕೊಡಿ. ಹೊರೆ ಅಲ್ಲೇ ಇರುವುದರಿಂದ ವೋಲ್ಟೇಜ್ ಇಳಿಯುವ ಪ್ರಶ್ನೆಯೇ ಹೆಚ್ಚುಕಡಿಮೆ ಮುಗಿಯುತ್ತದೆ. ವಿಎಚ್‌ಎಫ್ ಜೋಡಿಯನ್ನು ಎ ಗೆ ಎ, ಬಿ ಗೆ ಬಿ ಸೇರಿಸಿ, ಎರಡೂ ಕಡೆ 4800 ಇಟ್ಟು, ಸೆಟ್ಟಿನ ಪರದೆಯಲ್ಲಿ ಕಾಣುವ ಅಕ್ಷಾಂಶ ರೇಖಾಂಶ ಪ್ಲಾಟರಿನದ್ದಕ್ಕೆ ತಾಳೆಯಾಗುವುದನ್ನು ತಾಂಡೇಲರ ಎದುರೇ ತೋರಿಸಿ. ಎಂಜಿನ್ ಸ್ಟಾರ್ಟ್ ಆಗುವಾಗ ತುದಿಯ ಟೀ ಕನೆಕ್ಟರಿನ ವೋಲ್ಟೇಜ್ ಎಷ್ಟು, ಟರ್ಮಿನೇಟರ್ ಓಮ್ ಎಷ್ಟು ಎಂದು ಬರೆದು ಸಹಿ ಮಾಡಿದ ಹಾಳೆ ಮತ್ತು ವಯರಿಂಗ್ ನಕ್ಷೆ ನಮ್ಮ ಕೈಗೆ ಬರಬೇಕು.

ಆಗಸ್ಟ್ 1ಕ್ಕೆ ಬೋಟುಗಳು ಕಡಲಿಗಿಳಿಯುತ್ತವೆ. ಜುಲೈ 20ರೊಳಗೆ ಕೆಲಸ ಶುರುವಾಗದಿದ್ದರೆ ಬೇರೆಯವರಿಂದ ಮಾಡಿಸಿ ಆ ಖರ್ಚನ್ನು ನಿಮ್ಮ ಬಾಕಿ ಮೊತ್ತದಲ್ಲಿ ಮುರಿದುಕೊಳ್ಳುತ್ತೇವೆ, ಉಡುಪಿಯ ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ಸಲ್ಲಿಸುತ್ತೇವೆ.

ಇತಿ,
ಬೋಟಿನ ಮಾಲಕರು ಮತ್ತು ತಾಂಡೇಲರು

ಲಗತ್ತು: ಬಿಲ್ಲಿನ ಪ್ರತಿ, ಬಿಚ್ಚಿದ ಗಂಟಿನ ಫೋಟೊಗಳು, ಮಲ್ಟಿಮೀಟರ್ ಅಳತೆಗಳ ಪಟ್ಟಿ. ಕತ್ತರಿಸಿ ತೆಗೆದ ವಯರಿನ ತುಂಡು ನಮ್ಮಲ್ಲಿದೆ, ನಿಮ್ಮ ತಂತ್ರಜ್ಞರು ಬಂದು ನೋಡಬಹುದು.